ಕೊಯ್ಯದೆ ತಿಳಿದದ್ದು

“ಮೈಮೇಲೆ ಲೋಹ ಇರಬಾರದು ಅಮ್ಮಾ, ತಾಳಿನೂ ತೆಗೀಬೇಕು,” ಎಂಆರ್‌ಐ ಕೋಣೆಯ ಬಾಗಿಲಲ್ಲಿ ನರ್ಸ್ ಹೇಳಿದಳು.

ಜೊತೆಗೆ ಬಂದಿದ್ದ ಮಗಳು ಅವ್ವನ ಕೊರಳು ನೋಡಿದಳು. ಊರಲ್ಲಿ ಅಪ್ಪ ತೀರಿಕೊಂಡು ವಾರವಾಗಿತ್ತು. ಚಿಕಿತ್ಸೆ ಶುರುವಾಗುವವರೆಗೆ ಅವ್ವನ ಕಿವಿಗೆ ಹಾಕುವುದು ಬೇಡವೆಂದು ಮನೆಮಂದಿಯೆಲ್ಲ ಮಾತಾಡಿಕೊಂಡಿದ್ದರು. ಅಪ್ಪನ ಮಣ್ಣು ಮುಗಿಸಿ ನೇರ ಆಸ್ಪತ್ರೆಗೆ ಬಂದಿದ್ದ ಕಾಕಾ ಕೂಡ ಆ ಸುದ್ದಿ ಎತ್ತದೆ, ಮಳೆ ಬೆಳೆಯ ಮಾತಾಡಿ ಎದ್ದು ಹೋಗಿದ್ದ.

ಅವ್ವ ತಾಳಿ ಮುಟ್ಟಿಕೊಂಡು ಕೇಳಿದಳು: “ಇದರಾಗ ಏನ್ ನೋಡ್ತೀರಿ, ಯವ್ವಾ?”

“ಎದೆಯ ಗಡ್ಡೆಯೊಳಗೆ ನೀರು ಹೇಗೆ ಸರಿದಾಡುತ್ತೆ ಅಂತ ನೋಡ್ತೀವಿ. ಅದರಿಂದ ಯಾವ ಬಗೆಯ ಕ್ಯಾನ್ಸರ್ ಅಂತ ಡಾಕ್ಟರಿಗೆ ಒಂದು ಅಂದಾಜು ಸಿಗುತ್ತೆ.”

“ಅಂದ್ರ ಕೊಯ್ಯದನ ಒಳಗಿಂದು ತಿಳೀತೈತಿ ಅನ್ನು.”

ಅವ್ವ ಹಟ ಹಿಡಿಯುತ್ತಾಳೆ, ನಿಮ್ಮಪ್ಪಗ ಫೋನ್ ಹಚ್ಚು ಅನ್ನುತ್ತಾಳೆ ಎಂದು ಮಗಳು ಹೆದರಿ ನಿಂತಿದ್ದಳು. ಆದರೆ ಅವ್ವ ತಾನಾಗಿಯೇ ತಾಳಿ ಬಿಚ್ಚಿ ಅವಳ ಅಂಗೈಗೆ ಹಾಕಿ ಒಳಗೆ ನಡೆದಳು.

ಅವ್ವ ಸ್ಕ್ಯಾನ್ ಮುಗಿಸಿ ಹೊರಬಂದಾಗ ಮಗಳು ಅವಸರದಿಂದ ಎದ್ದು ತಾಳಿ ಚಾಚಿದಳು. “ತಗೋ ಅವ್ವಾ, ಲಗೂನ ಹಾಕ್ಕೋ. ಬರಿಗೊರಳಿಲೆ ಇರಬಾರದು.”

ಅವ್ವ ಆ ಅಂಗೈಯನ್ನು ಮೆಲ್ಲಗೆ ಮಡಚಿದಳು.

“ನಿನ್ನ ಕಡೇನ ಇರ್ಲಿ. ಅವತ್ತ ನಿಮ್ಮ ಕಾಕಾ ಎದ್ದು ಹೋಗುವಾಗ ‘ಹೋಗಿ ಬರ್ತೀನಿ’ ಅನ್ನಲಿಲ್ಲ. ಸಾವಾದ ಮನಿಯವರ ಮುಂದಷ್ಟ ಆ ಮಾತು ಆಡೂದಿಲ್ಲ. ಇಷ್ಟು ದಿನ ನಾ ಅದನ್ನ ಹಾಕ್ಕೊಂಡಿದ್ದು ನಿನ್ನ ಸಲುವಾಗಿ.”