ಆರು ಕೆಂಪು ಗುಂಡಿಗಳು

"ಅಪ್ಪಾ, ಆಮ್ಲಜನಕ ಸಾಲ್ತಾ ಇಲ್ಲ!"

ಚಿಕ್ಕ ಮಗಳ ಕೂಗಿಗೆ ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿ ಒಳಗೆ ಬಂದ. ಬಟ್ಟೆ ಕತ್ತರಿಸುವ ಮೇಜಿನ ತುಂಬ ಗುಂಡಿಗಳು. ಕಪ್ಪು ಎಂದರೆ ಇಂಗಾಲ, ಬಿಳಿ ಜಲಜನಕ, ಕೆಂಪು ಆಮ್ಲಜನಕ. ಈ ಪಾಠ ದೊಡ್ಡ ಮಗಳದು. ಸಮೀಕರಣ ಎಂದರೆ ತಲೆ ಚಚ್ಚಿಕೊಳ್ಳುತ್ತಿದ್ದ ತಂಗಿಯ ಮುಂದೆ ಅಪ್ಪನ ಗುಂಡಿ ಡಬ್ಬಿ ಸುರಿದು, "ಎಡಗಡೆ ಎಷ್ಟೋ ಬಲಗಡೇನೂ ಅಷ್ಟೇ ಕಣೇ, ಒಂದೂ ಕಳೆದುಹೋಗಬಾರದು" ಎಂದು ಕಲಿಸಿದವಳು ಅವಳೇ. ಹೋದ ವರ್ಷ ಜ್ವರ ಬಂದು ನಾಲ್ಕೇ ದಿನದಲ್ಲಿ ತೀರಿಕೊಂಡಳು. ಅದೇ ವಾರ ಪರೀಕ್ಷೆಗೆ ಕೂತ ಚಿಕ್ಕವಳು ರಸಾಯನಶಾಸ್ತ್ರದಲ್ಲಿ ನಪಾಸಾದಳು. ಇವತ್ತು ಹತ್ತು ಗಂಟೆಗೆ ಮತ್ತೆ ಅದೇ ಪರೀಕ್ಷೆ. ಇದೂ ಕೈಕೊಟ್ಟರೆ ಓದು ಅಲ್ಲಿಗೇ ನಿಂತಂತೆ.

"ಪ್ರೊಪೇನ್ ಅನ್ನೋ ಅನಿಲ ಉರಿಯೋ ಲೆಕ್ಕ ಇದು, ಬಲಗಡೆಗೇ ಹತ್ತು ಕೆಂಪು ಹೋದ್ವು. ಎಡಕ್ಕೆ ನಾಲ್ಕೇ ಉಳಿದಿವೆ."

"ಅದಕ್ಕೇನಂತೆ? ನೀಲಿ ಇಡು."

"ನೀಲಿ ಸಾರಜನಕ ಅಪ್ಪಾ!" ಅವಳ ಕಣ್ಣು ತುಂಬಿ ಬಂತು. "ಅಕ್ಕ ಇದ್ದಿದ್ರೆ..."

ಗಡಿಯಾರದಲ್ಲಿ ಎಂಟೂವರೆ. ದರ್ಜಿ ಸುಮ್ಮನೆ ಡಬ್ಬಿ ಕೆದಕಿದ. ಸಿಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಆ ಕೆಂಪು ಗುಂಡಿಗಳು ಕೊಂಡಾಗ ಇಪ್ಪತ್ತು. ಆರನ್ನು ತಾನೇ ದೊಡ್ಡವಳ ಕೋಟಿಗೆ ಹೊಲಿದಿದ್ದ. ಅವಳು ಅದನ್ನು ಹಾಕಿಕೊಂಡದ್ದು ಒಂದೇ ಸಲ, ಅಳತೆ ನೋಡಲು. "ತೋಳು ಒಂಚೂರು ಉದ್ದ ಆಯ್ತಪ್ಪಾ" ಎಂದಿದ್ದಳು. ಆ ತೋಳನ್ನು ಅವನು ಇನ್ನೂ ಮಡಚಿ ಹೊಲಿದಿರಲಿಲ್ಲ. ಬಾಗಿಲ ಹಿಂದೆ ನೇತುಹಾಕಿದ್ದ ಆ ಕೋಟನ್ನು ಒಂದು ವರ್ಷದಿಂದ ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ.

ಅವನು ಕತ್ತರಿ ಹಿಡಿದು ಕೋಟಿನ ಕಡೆ ನಡೆದದ್ದು ಕಂಡು ಹುಡುಗಿ ಗಾಬರಿಯಾದಳು.

"ಅಪ್ಪಾ, ಅದು ಬೇಡ! ಹೇಗೋ ಬರೀತೀನಿ."

"ಹೇಗೋ ಬರೆದು ಒಂದ್ಸಲ ಆಯ್ತಲ್ಲ. ಸುಮ್ನಿರು."

ಮೂವತ್ತು ವರ್ಷ ದಾರ ಕತ್ತರಿಸಿದವನು ಮೊದಲ ಗುಂಡಿಯ ದಾರಕ್ಕೆ ಮೂರು ಸಲ ಕತ್ತರಿಯಿಟ್ಟು ತೆಗೆದ. ಆಮೇಲೆ ಒಂದೊಂದಾಗಿ ಆರನ್ನೂ ಬಿಡಿಸಿ ಮಗಳ ಅಂಗೈಗೆ ಹಾಕಿದ.

ಅವಳು ಎಡಗಡೆಯ ಹತ್ತು ಕೆಂಪನ್ನು ಆಮ್ಲಜನಕದ ಅಣುವಿನಂತೆ ಎರಡೆರಡಾಗಿ ಜೋಡಿಸಿದಳು. ಎಣಿಸಿದಳು. ಪುಸ್ತಕದಲ್ಲಿ ಬರೆದಳು. ತಿಂಗಳಿಂದ ಬಾಡಿದ್ದ ಮುಖ ಅರಳಿತು.

"ಐದು ಜೊತೆ! ಈಗ ಹೊಳೀತಪ್ಪಾ, ಇನ್ನು ಗುಂಡಿ ಇಲ್ದೇನೂ ಮಾಡ್ತೀನಿ. ಎರಡೂ ಕಡೆ ಸಮ ಆಯ್ತು ನೋಡು, ಎಲ್ಲೂ ಒಂದೂ ಕಳೆದುಹೋಗಿಲ್ಲ!"

"ಒಳ್ಳೇದಾಯ್ತು ಮಗಳೇ," ಎಂದ ದರ್ಜಿ. ಕೋಟು ಅವನ ತೊಡೆಯ ಮೇಲೆ ಬಾಯ್ತೆರೆದು ಬಿದ್ದಿತ್ತು. ಎದೆಯುದ್ದಕ್ಕೂ ಆರು ಕಡೆ ಕೆಂಪು ದಾರದ ತುಂಡುಗಳು. ಅವುಗಳ ಮೇಲೆ ಬೆರಳಾಡಿಸುತ್ತ ಮೆಲ್ಲಗೆ ಕೇಳಿದ: "ಹಾಗಾದ್ರೆ ಇಲ್ಲಿಂದ ಹೋಗಿದ್ದನ್ನ ಯಾವ ಕಡೆ ಬರೀತೀಯ?"