ಹನ್ನೆರಡನೇ ಬ್ಲಾಕಿನ ಚಾ

ಮಗಳ ಹೆರಿಗೆಗೆಂದು ಊರಿಗೆ ಹೋಗಿದ್ದ ದೂಮಪ್ಪ ಮೇಸ್ತ್ರಿ ಹತ್ತು ದಿನ ಬಿಟ್ಟು ಚಾ ತೋಟಕ್ಕೆ ಮರಳಿದಾಗ, ಹನ್ನೆರಡನೇ ಬ್ಲಾಕಿಗೆ ಹಸಿರು ಜಿಗಿಹುಳ ಬಿದ್ದಿತ್ತು. ಚಿಗುರೆಲ್ಲ ಮುರುಟಿ ಅಂಚು ಕಂದಿತ್ತು.

ಮ್ಯಾನೇಜರ್ ಜೀಪಿನಿಂದ ಇಳಿಯಲೂ ಇಲ್ಲ. "ಶನಿವಾರದ ಮೇಲೆ ಒಂದೇ ಒಂದು ಹುಳ ಕಂಡರೂ ನೀನು ಕ್ವಾರ್ಟರ್ಸ್ ಖಾಲಿ ಮಾಡು" ಎಂದರು.

ಇಪ್ಪತ್ತಾರು ವರ್ಷ ಸಂಸಾರ ಮಾಡಿದ ಮನೆ ಅದು. ದೂಮಪ್ಪ ಮುರುಟಿದ ಚಿಗುರನ್ನು ಎಸೆಯಲು ಮನಸ್ಸು ಬಾರದೆ ಕೀಳಿಸಿ, ಬೇರೆಯಾಗಿಯೇ ಫ್ಯಾಕ್ಟರಿಗೆ ಕಳಿಸಿದ. ಆಮೇಲೆ ಬೆನ್ನಿಗೆ ಔಷಧಿ ಕ್ಯಾನು ಕಟ್ಟಿಕೊಂಡು, ಆಳುಗಳ ಜೊತೆ ತಾನೂ ಸಾಲು ಸಾಲಿಗೆ ಹೊಡೆದ. ಎಲೆ ಮಗುಚಿ ಮಗುಚಿ ನೋಡಿ, ಅನುಮಾನ ಬಂದ ಕಡೆ ಇನ್ನೊಮ್ಮೆ ಹೊಡೆದ.

ಸೋಮವಾರ ಆಫೀಸಿನಿಂದ ಕರೆ ಬಂತು. ಚಾ ರುಚಿ ನೋಡಿ ದರ್ಜೆ ಹೇಳುವ ಮೇಡಂ ಬಂದಿದ್ದರು. ಅವರ ಮುಂದಿದ್ದ ಕಪ್ಪಿನಿಂದ ಜೇನಿನ ಘಮ ಬರುತ್ತಿತ್ತು.

"ಹನ್ನೆರಡನೇ ಬ್ಲಾಕಿನದು ಇದೇ ಅಲ್ವಾ?" ಎಂದರು ಮೇಡಂ. "ಜಿಗಿಹುಳ ರಸ ಹೀರಿದಾಗ ಗಿಡ ತನ್ನ ರಕ್ಷಣೆಗೆ ಅಂತ ಈ ಘಮ ಹುಟ್ಟಿಸುತ್ತೆ. ಇಂಥ ಚಾ ನಾನು ಈ ಕಡೆ ಎಲ್ಲೂ ಕುಡಿದಿಲ್ಲ. ಎಷ್ಟಿದ್ದರೂ ಬೇಕು."

ಮ್ಯಾನೇಜರ್ ಎದ್ದು ತಾವೇ ಕುರ್ಚಿ ಎಳೆದುಕೊಟ್ಟರು. "ಕೂತ್ಕೊಳ್ಳಿ ದೂಮಪ್ಪನವರೇ. ಆ ಹುಳ ಎಲ್ಲ ಜೋಪಾನವಾಗಿವೆ ತಾನೇ?"

ದೂಮಪ್ಪ ಕೂರಲಿಲ್ಲ.

"ನಿಮ್ಮ ಮಾತು ಮೀರಿಲ್ಲ ಸಾರ್," ಎಂದ, "ಒಂದನ್ನೂ ಉಳಿಸಿಲ್ಲ."