ವರ್ಷಕ್ಕೆ ಎರಡಿಂಚು

ಮಗುಚಿ ಹಾಕಿದ ಹಳೆಯ ದೋಣಿಯೊಂದರ ಹಿಂದೆ, ಕಾದ ಮರಳಿನ ಮೇಲೆ ಬೋರಲು ಮಲಗಿ, ಕಾರ್ಯದರ್ಶಿಗಳು ದುರ್ಬೀನು ಹಿಡಿದಿದ್ದರು. ಗರಿಗಾಳ ಸಂಘದ ಕಾರ್ಯದರ್ಶಿಯ ಘನತೆಗೆ ಈ ಭಂಗಿ ತಕ್ಕದ್ದಲ್ಲವೆಂದು ಅವರಿಗೂ ಗೊತ್ತಿತ್ತು. ಆದರೆ ಕಳ್ಳನನ್ನು ಹಿಡಿಯಲು ಹೊರಟವರು ಅಂಗಿಯ ಇಸ್ತ್ರಿ ನೋಡುತ್ತ ಕೂರಲಾಗುವುದಿಲ್ಲ.

ಕಳ್ಳ ಬೇರೆ ಯಾರೂ ಅಲ್ಲ, ಹೆಂಡತಿಯ ಒಡಹುಟ್ಟಿದ ತಮ್ಮ. ಊರಿಗೆ ಹಲ್ಲಿನ ಡಾಕ್ಟರು, ಇವರಿಗೆ ಭಾವಮೈದುನ. ಮೂರು ವರ್ಷದಿಂದ, ಅತಿ ದೊಡ್ಡ ಮೀನಿಗೆ ಸಂಘ ಕೊಡುವ ಬಹುಮಾನದ ಕಪ್ಪು ಅವನ ಕ್ಲಿನಿಕ್ಕಿನಲ್ಲಿ, ರೋಗಿಗಳು ಬಾಯಿ ತೆರೆದು ಮಲಗಿದರೆ ನೇರ ಕಣ್ಣಿಗೆ ಬೀಳುವಂಥ ಜಾಗದಲ್ಲಿ ಕೂತಿತ್ತು.

ಸಂಘದ ಆಟ ಬಹಳ ಸರಳ. ಗರಿ, ನೂಲು ಸುತ್ತಿ ಹುಳುವಿನಂತೆ ಕಟ್ಟಿದ ಗಾಳವನ್ನು ಉದ್ದನೆಯ ಕೋಲಿನಿಂದ ಬೀಸಿ ಬೀಸಿ ಕಡಲಿಗೆ ಎಸೆಯಬೇಕು. ಮೀನು ಮೋಸಹೋದರೆ ಅಳೆದು, ಫೋಟೊ ತೆಗೆದು, ಜೀವಂತ ನೀರಿಗೆ ಬಿಡಬೇಕು. ತಿನ್ನುವಂತಿಲ್ಲ. ತಿನ್ನುವ ಮೀನನ್ನು ಸದಸ್ಯರು ಎಲ್ಲರಂತೆ ಮಾರುಕಟ್ಟೆಯಲ್ಲೇ ಕೊಳ್ಳುತ್ತಿದ್ದರು.

ದುರ್ಬೀನಿನಲ್ಲಿ ಭಾವಮೈದುನ ದೋಣಿಯ ಮುಂತುದಿಯಲ್ಲಿ ನಿಂತು, ಬಂಡೆಯ ಕಡೆ ಮುಖ ಮಾಡಿ ಗಾಳ ಬೀಸುತ್ತಿದ್ದ. ಮುಂದೆ ನಿಂತವನಿಗೆ ಹಿಂದೆ ನಡೆಯುವುದು ಕಾಣುವುದಿಲ್ಲ. ಹಿಂದೆ, ಸಂಘದ ಮುದಿ ದೋಣಿಯವನು ಬಿದಿರಿನ ಗಳದಿಂದ ದೋಣಿಯ ಪಕ್ಕೆಗೆ ಮೂರು ಸಲ ಕುಟ್ಟಿದ. ಬಕೆಟ್ಟಿಗೆ ಕೈಹಾಕಿ ಏನನ್ನೋ ಹಿಡಿ ತುಂಬ ತೆಗೆದು ನೀರಿಗೆ ಚೆಲ್ಲಿದ. ಬಂಡೆಯ ಸಂದಿಯಿಂದ ಬೆಳ್ಳಿಬಣ್ಣದ ಭಾರಿ ಮೀನೊಂದು, ಊಟಕ್ಕೆ ಕರೆದ ನೆಂಟನಂತೆ, ಸರಸರನೆ ಹೊರಟು ಬಂತು.

ಕಾರ್ಯದರ್ಶಿಗಳಿಗೆ ಸಂತೋಷದಿಂದ ಉಸಿರು ಕಟ್ಟಿತು. ಸಾಕಿದ ಮೀನು. ಅನುಮಾನ ಅವರಿಗೆ ಮೊದಲೇ ಇತ್ತು. ಮೂರು ವರ್ಷದ ಮೂರು ಫೋಟೊಗಳಲ್ಲೂ ಮೀನಿನ ಬಾಲದಲ್ಲಿ ಒಂದೇ ಕಚ್ಚು. ಇಪ್ಪತ್ತೇಳು ಇಂಚು, ಇಪ್ಪತ್ತೊಂಬತ್ತು, ಮೂವತ್ತೊಂದು. ಶಾಲೆಗೆ ಹೋಗುವ ಮಕ್ಕಳೂ ಇಷ್ಟು ಶಿಸ್ತಾಗಿ ಬೆಳೆಯುವುದಿಲ್ಲ.

ಭಾವಮೈದುನ ಸಂಘ ಸೇರುವ ಹಿಂದಿನ ವರ್ಷದವರೆಗೂ ದಾಖಲೆ ಕಾರ್ಯದರ್ಶಿಗಳದ್ದೇ. ಗಾಳಿ, ಅಲೆ, ದೋಣಿಯವನ ಗದ್ದಲ ಎಲ್ಲವನ್ನೂ ಮೀರಿ ತಾವೊಬ್ಬರೇ ಹೋರಾಡಿದ ಆ ಕಥೆಯನ್ನು ಅವರು ಪ್ರತಿ ಸಭೆಯಲ್ಲೂ ಹೇಳುತ್ತಿದ್ದರು. ಅದರ ಫೋಟೊ ಸಂಘದ ಗೋಡೆಯ ಮೇಲಿತ್ತು. ಮೀನಿನ ಬಾಲದ ಕಡೆಯ ಅರ್ಧ ಅವರ ಅಂಗೈಯಲ್ಲಿ ಮುಚ್ಚಿಹೋಗಿತ್ತು. ಅವರ ಮುಖ ಮಾತ್ರ ಪೂರ್ತಿ ಬಂದಿತ್ತು. ಭಾವಮೈದುನನ ಮೀನುಗಳು ರದ್ದಾದರೆ ಆ ದಾಖಲೆ, ಕಪ್ಪು, ಜನರ ಚಪ್ಪಾಳೆ ಎಲ್ಲವೂ ಮರಳಿ ಬರಬೇಕಾಗಿತ್ತು. ಅವರ ಬದುಕಿನಲ್ಲಿ ಹೇಳಿಕೊಳ್ಳುವಂಥದ್ದು ಅದೊಂದೇ ಇತ್ತು.

ಮನೆಗೆ ಬಂದವರು ಹೆಂಡತಿಗೆ ವಿಷಯ ತಿಳಿಸಿದರು. ಆಕೆ ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ.

"ನನ್ನ ತಮ್ಮನ ಮಾನ ತೆಗೆದ್ರೆ ನಿಮಗೇನು ಸಿಗುತ್ತೆ?"

"ಸತ್ಯ ಗೊತ್ತಾಗುತ್ತೆ, ಅಷ್ಟೇ."

"ಎಲ್ಲರಿಗೂ ಗೊತ್ತಾಗ್ಲಿ ಬಿಡಿ," ಎಂದು ಆಕೆ ಮುಂದಿನ ಅಂಗಿ ಎತ್ತಿಕೊಂಡಳು.

ಭಾನುವಾರ ವಾರ್ಷಿಕ ಸಭೆ. ಬೆಳಿಗ್ಗೆ ತಿಂಡಿಯ ಹೊತ್ತಿಗೇ ಭಾವಮೈದುನ ಕಪ್ಪನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದ. ಮುಖ ಇಳಿದುಹೋಗಿತ್ತು.

"ಭಾವ, ನನ್ನಾಣೆಗೂ ನನಗೆ ಗೊತ್ತಿರಲಿಲ್ಲ. ಅಕ್ಕ ಹೇಳಿದ ಮೇಲೆ ನಿನ್ನೆ ದೋಣಿಯವನನ್ನ ಕೂರಿಸಿಕೊಂಡು ಕೇಳ್ದೆ, ಎಲ್ಲಾ ಹೇಳಿದ. ಕಪ್ ತಗೊಳ್ಳಿ. ಸಭೇಲಿ ಮಾತ್ರ ಈ ಮಾತು ಎತ್ತಬೇಡಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

"ನನ್ನ ಒಳ್ಳೇದು ನೋಡ್ಕೊಳ್ಳೋಕೆ ನನಗೆ ಬರುತ್ತೆ," ಎಂದರು ಕಾರ್ಯದರ್ಶಿಗಳು. ಕಪ್ಪನ್ನು ಮುಟ್ಟಲಿಲ್ಲ. ಅಡುಗೆಮನೆಯಲ್ಲಿ ಗುಟ್ಟಾಗಿ ಇಸಿದುಕೊಂಡ ಕಪ್ಪಿಗೂ ನಾಲ್ಕು ಜನರ ಮುಂದೆ ಕಿತ್ತುಕೊಂಡ ಕಪ್ಪಿಗೂ ಇರುವ ವ್ಯತ್ಯಾಸ ಅವರಿಗೆ ಚೆನ್ನಾಗಿ ತಿಳಿದಿತ್ತು.

ಸಭೆಯಲ್ಲಿ ಕುರ್ಚಿಗಳೆಲ್ಲ ತುಂಬಿದ್ದವು. ಅಧ್ಯಕ್ಷರು ಎಂದಿನಂತೆ ತೂಕಡಿಸುತ್ತಿದ್ದರು. ಕಾರ್ಯದರ್ಶಿಗಳು ದೋಣಿಯವನಿಗೆ ಒಗೆದ ಅಂಗಿ ಹಾಕಿಸಿ ಸಾಕ್ಷಿಯಾಗಿ ಕರೆತಂದಿದ್ದರು. ಕೇಳಿದ್ದಕ್ಕಷ್ಟೇ ಉತ್ತರ ಹೇಳಬೇಕು, ಯಾರ ಮುಲಾಜೂ ನೋಡದೆ ನಿಜವನ್ನೇ ಹೇಳಬೇಕು ಎಂದು ದಾರಿಯುದ್ದಕ್ಕೂ ತಾಕೀತು ಮಾಡಿದ್ದರು. ಬೇರೇನೂ ಕೇಳಿ ತಿಳಿಯುವ ಅಗತ್ಯ ಅವರಿಗೆ ಕಂಡಿರಲಿಲ್ಲ.

"ಬಂಡೆ ಹತ್ತಿರದ ಮೀನು ನೀನು ಸಾಕಿದ್ದಾ?"

"ಹೌದು ಸಾರ್. ಮರಿಯಿದ್ದಾಗಿಂದ ದಿನಾ ಮೀನಿನ ತಲೆ, ಕರುಳು ಹಾಕ್ತೀನಿ. ಕುಟ್ಟಿದ್ರೆ ಬರುತ್ತೆ."

ಸಭೆಯಲ್ಲಿ ಗುಜುಗುಜು ಎದ್ದಿತು. ಅಧ್ಯಕ್ಷರಿಗೆ ಎಚ್ಚರವಾಯಿತು.

"ಯಾಕೆ ಸಾಕಿದೆ?"

"ಎಷ್ಟು ಬೀಸಿದ್ರೂ ಕೆಲವರಿಗೆ ಏನೂ ಸಿಗಲ್ಲ ಸಾರ್. ಅಳೋ ಹಾಗಾಗ್ತಾರೆ. ನೋಡೋಕಾಗಲ್ಲ. ಅಂಥವರನ್ನ ಅಲ್ಲಿಗೆ ಕರಕೊಂಡು ಹೋಗ್ತೀನಿ. ಅವರಿಗೆ ಗೊತ್ತಾಗಲ್ಲ."

ಭಾವಮೈದುನ ತಲೆ ತಗ್ಗಿಸಿದ. ಅವನ ಕೈ ಮಾತ್ರ, ಬೇಡ ಎಂಬಂತೆ, ಭಾವನ ಕಡೆಗೆ ಒಮ್ಮೆ ಅಲ್ಲಾಡಿತು. ಸೋತವನ ಕೊನೆಯ ಬೇಡಿಕೆಯೆಂದು ಕಾರ್ಯದರ್ಶಿಗಳು ಅದನ್ನು ತುಂಬ ಆಸ್ವಾದಿಸಿದರು.

"ಈ ಸಂಘದಲ್ಲಿ ಎಷ್ಟು ಜನರಿಗೆ ಹೀಗೆ ಹಿಡಿಸಿದೀಯ?"

"ಇಬ್ಬರಿಗೆ ಸಾರ್."

ಇದು ಅವರು ಎಣಿಸದಿದ್ದ ಹಬ್ಬದೂಟ. ಮುಂದಿನ ಸಾಲಿನಲ್ಲಿ ಉಪಾಧ್ಯಕ್ಷರು ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಿದ್ದರು. ಕಾರ್ಯದರ್ಶಿಗಳು ಅವರನ್ನು ದಿಟ್ಟಿಸಿ ನೋಡಿ, ಎಲ್ಲರಿಗೂ ಕೇಳುವಂತೆ ಗಂಟಲು ಸರಿಮಾಡಿಕೊಂಡರು.

"ಒಬ್ಬರು ಡಾಕ್ಟರು. ಇನ್ನೊಬ್ಬರು ಯಾರು? ಹೆದರಬೇಡ, ನಾನಿದೀನಿ. ಎಲ್ಲರ ಮುಂದೆ ಹೇಳು."

ದೋಣಿಯವನು ಭಾವಮೈದುನನ ಕಡೆ ನೋಡಿದ, ನೆಲ ನೋಡಿದ, ಆಮೇಲೆ ಕೊಟ್ಟ ಮಾತಿನಂತೆ ಬಾಯಿಬಿಟ್ಟ.

"ಮೊದಲು ಹಿಡಿದಿದ್ದು ನೀವೇ ಅಲ್ವಾ ಸಾರ್. ಆಗ ಅದು ಇನ್ನೂ ಚಿಕ್ಕದಿತ್ತು."